ಅಳಿಸಿಹೋದ ಹೊಲಗಳು

ಊಟ ಮುಗಿದು ಚಾಪೆ ಹಾಸುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಹೆಸರು ಕೂಗಲಿಲ್ಲ.

ಹರದನಹಳ್ಳಿಯ ಆ ಕೇರಿಯಲ್ಲಿ ಸುಮ್ಮನೆ ಬಾಗಿಲು ಬಡಿಯುವ ಪದ್ಧತಿಯಿಲ್ಲ. ಮೊದಲು ಧ್ವನಿ ಒಳಗೆ ಬರುತ್ತದೆ, ಆಮೇಲೆ ಮನುಷ್ಯ ಬರುತ್ತಾನೆ. ರಾಚಮ್ಮ ಚಾಪೆಯ ತುದಿ ಹಿಡಿದಂತೆಯೇ ಮಗಳ ಮುಖ ನೋಡಿದಳು. ಕುಮಾರಿ ಎದ್ದು ಅಗುಳಿ ತೆಗೆದಳು.

ಹೊರಗೆ ಶಿವರುದ್ರಸ್ವಾಮಿ ಮೇಷ್ಟ್ರು ನಿಂತಿದ್ದರು. ಕೊರಳಿಗೆ ಬಿಳಿಯ ಬಟ್ಟೆ ಸುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು. ಊರಿನ ಲಿಂಗಾಯತರ ಬೀದಿಯಿಂದ ಈ ಕೇರಿಗೆ ಅವರು ಎಂದೂ ಬಂದವರಲ್ಲ. ಕೇರಿಯ ಮಕ್ಕಳಿಗೆ ಅವರು ಪಾಠ ಹೇಳಿದ್ದೆಲ್ಲ ಶಾಲೆಯ ಗೋಡೆಗಳ ಒಳಗೇ.

ಅವರು ಬಾಯಿ ತೆರೆದರು. ಬಟ್ಟೆಯ ಹಿಂದಿನಿಂದ ಗಾಳಿಯ ಸದ್ದು ಬಂತು, ಮಾತು ಬರಲಿಲ್ಲ. ಕುಮಾರಿಯ ಬಲಗೈಯನ್ನು ಹಿಡಿದು, ಅಂಗೈಯ ಮೇಲೆ ಕಾಗದದ ಚೀಲದೊಳಗಿದ್ದ ಒಂದು ಫ್ಲಾಪಿಯನ್ನು ಇಟ್ಟರು. ಅವಳ ಬೆರಳುಗಳನ್ನು ತಮ್ಮ ನಡುಗುವ ಬೆರಳುಗಳಿಂದ ಒಂದೊಂದಾಗಿ ಮಡಚಿದರು. ಇನ್ನೊಮ್ಮೆ ಬಾಯಿ ತೆರೆದರು. ಮುಚ್ಚಿದರು. ಟಾರ್ಚು ಹೊತ್ತಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಎದುರುಮನೆಯ ಶಾಂತರಾಜು ಜಗುಲಿಯಿಂದ ಇಳಿದು ಬಂದ.

"ರಾಚಕ್ಕ, ಮೇಷ್ಟ್ರು ಕುಮಾರಿ ಕೈ ಹಿಡ್ಕಂಡ್ರಲ್ಲ. ಕಣ್ಣಾರೆ ಕಂಡೆ ಕಣಕ್ಕ."

"ನಾನೂ ಕಂಡೆ ಬುಡು. ನಿಂಗೊಬ್ಬನ್ಗೇನಾ ದೇವ್ರು ಕಣ್ಣು ಕೊಟ್ಟಿರಾದು?"

"ಇಸ್ಕೂಲಲ್ಲಿ ನಂಗೆ ಚಾಕ್‌ಪೀಸ್ ಕೊಡುವಾಗ ಮೊಳ ಎತ್ತರದಿಂದ ಬುಡ್ತಿದ್ರು. ಹಿಡ್ಕಳಕ್ಕಾಗ್ದೆ ಬಿದ್ದು ಮುರುದ್ರೆ ಅದ್ಕೂ ಏಟು."

"ಸೀಕು ಬಂದ್ಮೇಲೆ ಮಡಿ ಬುಟ್ರು ಅನ್ನು."

"ಹಂಗಾರೆ ನಾಳಿಂದ ನಾನೂ ಬಾಗ್ಲಲ್ಲಿ ಕೈಚಾಚ್ಕಂಡು ನಿಂತ್ಕತೀನಿ," ಎಂದ ಶಾಂತರಾಜು.

ಕುಮಾರಿ ಒಳಗೆ ಹೋದಳು. ಆಮೇಲೆ ಫ್ಲಾಪಿಯನ್ನು ತನ್ನ ಕೈಚೀಲದೊಳಗೆ, ಬಾಚಣಿಗೆಯ ಪಕ್ಕದಲ್ಲಿ ಇಟ್ಟಳು. ಅದು ಯಾತಕ್ಕೆ ಎಂದು ಅವಳಿಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ಅವಳು ತಿಳಿದಿದ್ದಳು.

*

ಆಗಿನ್ನೂ ಚಾಮರಾಜನಗರ ಜಿಲ್ಲೆಯಾಗಿರಲಿಲ್ಲ. ಅಲ್ಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೋಮೇಶನ ಅಂಗಡಿ ಇತ್ತು. ಮದುವೆಯ ಕಾಗದ, ಶ್ರದ್ಧಾಂಜಲಿಯ ಕರಪತ್ರ, ಬಿತ್ತನೆಬೀಜದ ಜಾಹೀರಾತು ಎಲ್ಲವೂ ಅಲ್ಲಿನ ಒಂದೇ ಕಂಪ್ಯೂಟರಿನಲ್ಲಿ ಜೋಡಣೆಯಾಗುತ್ತಿದ್ದವು. ಹಗಲಿನ ಪಾಳಿ ಕುಮಾರಿಯದು. ಸಂಜೆಯ ಪಾಳಿ ಚಂದಕವಾಡಿಯ ಮಾದೇಶನದು.

ಆ ವರ್ಷದ ಬೇಸಿಗೆಯಲ್ಲಿ ಮೇಷ್ಟ್ರು ಅಂಗಡಿಗೆ ಬಂದು ಕುರ್ಚಿಯೆಳೆದು ಕುಳಿತರು. ಹರದನಹಳ್ಳಿಯ ಸುತ್ತಿನ ಪ್ರತಿಯೊಂದು ಹೊಲಕ್ಕೂ ಒಂದು ಹೆಸರಿದೆ, ಪ್ರತಿಯೊಂದು ಹೆಸರಿಗೂ ಒಂದು ಕಥೆಯಿದೆ, ಅವನ್ನೆಲ್ಲ ಪುಸ್ತಕ ಮಾಡಬೇಕು ಎಂದರು. ಬಾಣಂತಿ ಹೊಲ, ಸುಳ್ಳುಬಾವಿ ಹೊಲ, ಕಳ್ಳಿಸಾಲು, ನಗೆಗುಂಡಿ. ಸರ್ಕಾರದ ಪಹಣಿಯಲ್ಲಿ ಅವಕ್ಕೆ ಬರೀ ಸರ್ವೆ ನಂಬರು. ಹೆಸರುಗಳು ಉಳಿದಿದ್ದದ್ದು ಮೇಷ್ಟ್ರ ಬಾಯಲ್ಲಿ.

ಬರೆಯಲು ಅವರ ಕೈ ನಡುಗುತ್ತಿತ್ತು. ಆದ್ದರಿಂದ ಅವರು ಹೇಳುತ್ತಿದ್ದರು, ಕುಮಾರಿ ಕೇಳುತ್ತಲೇ ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿದ್ದಳು. ಕೈಬರಹದ ಪ್ರತಿ ಎಂಬುದು ಇರಲೇ ಇಲ್ಲ. ಎಲ್ಲ ಮುಗಿದ ಮೇಲೆ ಮೈಸೂರಿನಲ್ಲಿ ಒಮ್ಮೆಗೇ ಅಚ್ಚು ತೆಗೆಸಿದರಾಯಿತು, ನಡುವೆ ಕಾಗದ ದಂಡ ಎಂದು ಸೋಮೇಶ ಅಂದದ್ದರಿಂದ ಒಂದು ಹಾಳೆಯೂ ಯಂತ್ರದಿಂದ ಹೊರಗೆ ಬಂದಿರಲಿಲ್ಲ. ಪುಸ್ತಕವಿದ್ದದ್ದು ಆ ಪೆಟ್ಟಿಗೆಯೊಳಗೆ, ಮತ್ತು ಪ್ರತಿದಿನ ಕೆಲಸ ಮುಗಿದಾಗ ಕುಮಾರಿ ನಕಲು ಮಾಡಿಡುತ್ತಿದ್ದ ಅಗಲವಾದ, ತೆಳ್ಳನೆಯ ಹಳೆಯ ಫ್ಲಾಪಿಗಳ ಮೇಲೆ.

"ಇದ್ಯಾಕಮ್ಮ ದಿನಾ ಮಾಡ್ತೀಯೆ?" ಎಂದು ಮೇಷ್ಟ್ರು ಮೊದಲ ವಾರವೇ ಕೇಳಿದ್ದರು.

"ಪೆಟ್ಟಿಗೆ ಕೆಟ್ರೂ ಇದು ಇರ್ತದೆ ಮೇಷ್ಟ್ರೆ. ಮೇಲಿನ ಸಾಲಲ್ಲಿ ಐದನೇ ಕೀ ಒತ್ತಿ, ಆಮೇಲೆ ಈ ದೊಡ್ಡ ಕೀ ಒತ್ತಿದ್ರೆ, ಒಂದು ಎರಡಾಗ್ತದೆ."

"ಬಿತ್ತನೆಗೆ ಬೀಜ ಎತ್ತಿಡೋ ಹಂಗೆ."

"ಹೂಂ. ಈ ಫ್ಲಾಪಿ ಕಂಡಿ ಇದೆಯಲ್ಲ, ಇಲ್ಲಿ ಬೆರಳು ತಾಗಬಾರ್ದು. ದೂಳು ಕೂರಬಾರ್ದು. ಕೂತ್ರೆ ಬೀಜ ಸತ್ತೋಯ್ತದೆ."

ಮೇಷ್ಟ್ರಿಗೆ ಆ ಮಾತು ಹಿಡಿಸಿತು. ಆಮೇಲೆ ದಿನವೂ ನಕಲು ಮಾಡುವಾಗ ಕುರ್ಚಿಯಿಂದ ಮುಂದೆ ಬಾಗಿ ನೋಡುತ್ತಿದ್ದರು.

ದಸರೆಯ ಹೊತ್ತಿಗೆ ಅವರ ಧ್ವನಿ ಒಡೆದಿತ್ತು. ಗಂಟಲಿನ ಗಡ್ಡೆಯನ್ನು ತೆಗೆಯಲೇಬೇಕು, ತೆಗೆದರೆ ಮಾತು ಹೋಗುತ್ತದೆ ಎಂದು ಮೈಸೂರಿನ ವೈದ್ಯರು ಹೇಳಿದ್ದರು. ಆ ದಸರೆಯಲ್ಲೇ ಸೋಮೇಶ ಆಯುಧಪೂಜೆ ಮಾಡಿದ. ಕಂಪ್ಯೂಟರಿಗೆ ಸೇವಂತಿಗೆಯ ಹಾರ ಬಿತ್ತು. ಕೀಲಿಮಣೆಗೆ ಕುಂಕುಮ ಬಿತ್ತು. ಫ್ಲಾಪಿಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಒದ್ದೆ ವಿಭೂತಿಯಿಂದ ಮೂರು ಬೆರಳು ಎಳೆದ. ಕಂಡಿಯ ಮೇಲೇ ಎಳೆದ. ಕುಮಾರಿ ನೋಡುತ್ತ ನಿಂತಿದ್ದಳು. ಪೂಜೆಯ ನಡುವೆ ಬೇಡ ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ. ಆ ಅಂಗಡಿಯಲ್ಲಿ ಅವಳ ಬಾಯಿಗೆ ಬಾರದಿರುವ ಮಾತುಗಳು ಬೇರೆಯೂ ಇದ್ದವು.

ಮರುದಿನ ಒರೆಸಿ ಹಾಕಿದಾಗ ಯಂತ್ರ ಗರಗರ ಎಂದಿತು. ಒಂದನ್ನೂ ಓದಲಿಲ್ಲ.

"ಬೀಜಕ್ಕಿಟ್ಟಿದ್ದಕ್ಕೂ ವಿಭೂತಿ ಬಳುದ್ನಾ ಸೋಮೇಶ?" ಮೇಷ್ಟ್ರು ಒಡಕು ಧ್ವನಿಯಲ್ಲಿ ಕೇಳಿದರು.

"ಹೊಸ ಫ್ಲಾಪಿ ಬಂದ್ಮೇಲೆ ಮಾಡ್ತೀನಿ ಮೇಷ್ಟ್ರೆ."

"ಅವನು ಯಾವಾಗ ತರುಸ್ತಾನೊ. ಮೈಸೂರಿಂದ ನಾನೇ ಒಂದು ತತ್ತೀನಿ."

ಕೊನೆಯ ಕಥೆಯನ್ನು ಹೇಳಿ ಮುಗಿಸಿದ ದಿನ ಅವರು ಎದ್ದು ನಿಂತು ಕಂಪ್ಯೂಟರನ್ನು ಒಂದು ಗಳಿಗೆ ದಿಟ್ಟಿಸಿದರು. "ನನ್ನ ನಾಲಿಗೆ ಹೋದ್ರೂ ಇದು ಇರ್ತದಲ್ಲವ್ವ," ಎಂದರು.

"ಇರ್ತದೆ ಮೇಷ್ಟ್ರೆ. ನಾನು ಕಾಯ್ಕತೀನಿ."

ಹಾಗೆ ಅಂದದ್ದು ಕುಮಾರಿಗೆ ನೆನಪಿತ್ತು. ಶಸ್ತ್ರಚಿಕಿತ್ಸೆ ಮುಗಿಸಿ ಮೇಷ್ಟ್ರು ಊರಿಗೆ ಬಂದು, ಆ ರಾತ್ರಿ ಅವಳ ಬಾಗಿಲು ಬಡಿದು ಫ್ಲಾಪಿ ಕೊಟ್ಟಾಗ, ಮಾತಿನಂತೆ ತಂದುಕೊಟ್ಟರು ಎಂದೇ ಅವಳು ಎಣಿಸಿದಳು. ಮರುದಿನ, ಮಂಗಳವಾರ ಬೆಳಗ್ಗೆ, ಮೊದಲ ಬಸ್ಸಿಗೆ ಅವರು ಮತ್ತೆ ಮೈಸೂರಿನ ಆಸ್ಪತ್ರೆಗೆ, ಗಡ್ಡೆಯಿದ್ದ ಜಾಗಕ್ಕೆ ವಿಕಿರಣದ ಕರೆಂಟು ಕೊಡಿಸಿಕೊಳ್ಳಲು ಹೋದರು. ಬರುವುದು ಮುಂದಿನ ಸೋಮವಾರ.

*

ಮೇಷ್ಟ್ರು ಹೋದ ದಿನ ಕುಮಾರಿ ಅಂಗಡಿಗೆ ಬರಲಿಲ್ಲ. ಸಂತೆಮರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಬುಧವಾರ ಬಂದು, ಮೊದಲು ಮೇಷ್ಟ್ರ ಪುಸ್ತಕವನ್ನು ಹೊಸ ಫ್ಲಾಪಿಗೆ ಹಾಕಿಬಿಡೋಣ ಎಂದು ಕಂಪ್ಯೂಟರು ಹಚ್ಚಿದಳು.

ಮೇಷ್ಟ್ರ ಹೊಲಗಳು ಇರಲಿಲ್ಲ.

ಮದುವೆಯ ಕಾಗದಗಳು ಇದ್ದವು. ಬೀಜದ ಜಾಹೀರಾತು ಇತ್ತು. ಸೋಮೇಶ ಬಿಡುವಿನಲ್ಲಿ ಬರೆದಿದ್ದ ಚುಟುಕಗಳು ಇದ್ದವು. ಹೊಲಗಳ ಜಾಗದಲ್ಲಿ ಏನೂ ಇರಲಿಲ್ಲ. ಅವಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಮತ್ತೆ ನೋಡಿದಳು. ಎದೆ ಹೊಡೆದುಕೊಳ್ಳುತ್ತದೆ ಎಂದು ಕಾದಳು. ಅದು ಹೊಡೆದುಕೊಳ್ಳಲಿಲ್ಲ. ಕಿವಿಯೊಳಗೆ ಹತ್ತಿ ತುರುಕಿದ ಹಾಗೆ ಬೀದಿಯ ಸದ್ದು ದೂರ ಸರಿಯಿತು, ಅಷ್ಟೇ.

ಸೋಮೇಶ ಸಂಜೆಯವರೆಗೆ ಕಾಯಲಿಲ್ಲ. ಆಳು ಕಳಿಸಿ ಮಾದೇಶನನ್ನು ಕರೆಸಿದ.

"ಸೋಮವಾರ ಸಂಜೆ ಮಿಷನ್ ಮುಂದೆ ಕೂತಿದ್ದವನು ನೀನು. ಮಂಗಳವಾರ ಪೂರ್ತಿ ಕೂತಿದ್ದವನೂ ನೀನೇ. ಮದುವೆ ಕಾಗದಕ್ಕೆ ಜಾಗ ಸಾಲ್ದು ಅಂತ ಅಳಿಸಿದ್ಯಾ?"

"ಅಣ್ಣ, ಜಾಗ ಬೇಕಾಗಿದ್ರೆ ಮೊದ್ಲು ನಿಮ್ಮ ಚುಟುಕ ಅಳುಸ್ತಿದ್ದೆ," ಎಂದ ಮಾದೇಶ. "ಅದನ್ನ ಕೇಳೋರು ಯಾರೂ ಇಲ್ಲ."

"ನಗೆಚಾಟಿಕೆ ಬೇಡ. ಸೋಮವಾರ ಸಂಜೆ ಇಲ್ಲಿದ್ದವರು ನಾನು, ನೀನು. ಮೇಷ್ಟ್ರು ಬಂದು ಒಂದು ಗಳಿಗೆ ಕೂತಿದ್ರು, ಅವರನ್ನ ಕೂರಿಸಿ ನಾವಿಬ್ರೂ ಟೀಗೆ ಹೋಗಿಬಂದ್ವಿ. ತನ್ನ ಪುಸ್ತಕ ತಾನೇ ಯಾರಾದ್ರೂ ಅಳಿಸ್ತಾರಾ? ಆ ಹಿರಿಯರನ್ನ ಈ ವಿಷಯಕ್ಕೆ ಎಳಿಯೋದೇ ಪಾಪ. ಇನ್ನುಳಿದಿದ್ದು ಯಾರು?"

"ನಾನು ಅಳುಸ್ನಿಲ್ಲ ಅಣ್ಣ."

"ಯಾರು ಅಂತ ಗೊತ್ತಾಗೋವರೆಗೆ ನೀನು ಬರಬೇಡ."

ಮಾದೇಶ ಕುಮಾರಿಯ ಕಡೆ ನೋಡಿದ. ಅವಳು ಪರದೆಯ ಕಡೆ ನೋಡುತ್ತಿದ್ದಳು. ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಇಳಿಯುತ್ತಲೇ, "ಕುಮಾರಿ, ಇನ್ನು ಅದರ ಮೇಲೆ ಒಂದಕ್ಷರ ಬರೀಬ್ಯಾಡ," ಎಂದ. "ಗುಂಡ್ಲುಪೇಟೇಲಿ ಪೌಲೋಸ್ ಅಂತ ಒಬ್ರು ಮಾಸ್ಟ್ರು ಅವ್ರೆ, ಕಂಪ್ಯೂಟರ್ ಕಲುಸ್ತಾರೆ. ಅಳಿಸೋಗಿದ್ದ ತೆಗೀತಾರಂತೆ. ಡಿಸ್ಕ್ ಬಿಚ್ಕಂಡು ಓಗು."

*

ಶನಿವಾರ ಕುಮಾರಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಪೆಟ್ಟಿಗೆಯಿಂದ ಬಿಚ್ಚಿದ ಹಾರ್ಡ್‌ಡಿಸ್ಕು ತಾಯಿಯ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಮಡಿಲಲ್ಲಿತ್ತು. ತೆರಕಣಾಂಬಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕುಳಿತು, "ಎಷ್ಟು ತಿಂಗಳ ಕೂಸವ್ವ?" ಎಂದು ಬಗ್ಗಿ ನೋಡಿದಳು. ನೋಡಿ, ಕಿಟಕಿಯ ಕಡೆ ತಿರುಗಿದಳು. ಹೊರಗೆ ಚೆಂಡುಹೂವಿನ ಹೊಲಗಳು ಹಾದುಹೋದವು. ಅವಕ್ಕೂ ಹೆಸರುಗಳಿರಬೇಕು ಎಂದು ಕುಮಾರಿಗೆ ಅನ್ನಿಸಿತು. ಅನ್ನಿಸಿದ್ದು ಅಲ್ಲಿಗೇ ನಿಂತಿತು, ಮುಂದೆ ಹೋಗಲಿಲ್ಲ.

ಬೆರಳುಗಳು ಅಷ್ಟು ಕಥೆಗಳನ್ನು ಜೋಡಿಸಿದ್ದವು. ತಲೆಯೊಳಗೆ ಹುಡುಕಿದರೆ ಒಂದೂ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಅಕ್ಷರ ಜೋಡಿಸುವವರ ಪಾಡೇ ಹಾಗೆ: ಕಿವಿಯಿಂದ ಬಂದದ್ದು ನೇರವಾಗಿ ಬೆರಳಿಗೆ ಇಳಿಯುತ್ತದೆ, ನಡುವೆ ಎಲ್ಲಿಯೂ ತಂಗುವುದಿಲ್ಲ. ಸಣ್ಣತಾಯಿ ಕಟ್ಟೆಯ ಕಥೆಯೊಂದು ಸ್ವಲ್ಪ ಇತ್ತು. ಸಣ್ಣತಾಯಮ್ಮ ಅವಳ ಮುತ್ತಜ್ಜಿ. ಊರ ಹೊಲಗಳಿಗೆ ಮಳೆನೀರು ನುಗ್ಗಿದ ವರ್ಷ ಆಕೆ ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಒಂದು ಒಡ್ಡು ಹಾಕಿದಳು. ಆಮೇಲೆ ಏನೋ ಆಯಿತು. ಮೇಷ್ಟ್ರು ಅದನ್ನು ಹೇಳುವಾಗ ಎರಡು ಸಲ ನಿಲ್ಲಿಸಿದ್ದರು. ಏನಾಯಿತು ಎಂಬುದು ಬೆರಳಿಗೆ ಗೊತ್ತಿತ್ತು.

ಪೌಲೋಸ್ ಮಾಸ್ಟ್ರ ತರಬೇತಿ ಕೇಂದ್ರ ಬತ್ತೇರಿಗೆ ಹೋಗುವ ರಸ್ತೆಯ ಮಾಳಿಗೆಯ ಮೇಲಿತ್ತು. ಅವರ ಊರು ಗಡಿಯಾಚೆ ಕೇರಳದ ಬತ್ತೇರಿಯೇ; ಮಗಳೇ ಎನ್ನುವಲ್ಲಿ ಮಲಯಾಳದ ಮೋಳೇ ಬರುತ್ತಿತ್ತು. ದಪ್ಪ ಕನ್ನಡಕದ, ನಿಧಾನದ ಮನುಷ್ಯ. ಕಥೆಯನ್ನೆಲ್ಲ ಕೇಳಿ ಡಿಸ್ಕನ್ನು ತಮ್ಮ ಯಂತ್ರಕ್ಕೆ ಜೋಡಿಸಿದರು.

"ಅಳಿಸಿದ್ದು ಅಂದ್ರೆ ಹೋಯ್ತು ಅಂತ ಅಲ್ಲ, ಮೋಳೇ. ಈ ಯಂತ್ರ ಮಹಾ ಸೋಂಬೇರಿ. ಹೆಸರಿನ ಮೊದಲ ಅಕ್ಷರ ಒಂದು ಕಿತ್ತು ಬಿಸಾಕ್ತದೆ. ಮನೆ ಖಾಲಿ ಉಂಟು ಅಂತ ಬೋರ್ಡ್ ಹಾಕ್ತದೆ. ಒಳಗಿನ ಸಾಮಾನು ಹಾಗೇ ಇರ್ತದೆ, ಬೇರೆಯವರು ಬಂದು ಸಂಸಾರ ಹೂಡುವವರೆಗೆ."

"ಹೂಡಿಬಿಟ್ಟಿದಾರೆ ಸಾರ್."

"ಯಾರು?"

"ಮದುವೆ ಕಾಗದಗಳು. ಮಂಗಳವಾರ ಪೂರ್ತಿ."

ಪೌಲೋಸ್ ನಾಲಿಗೆ ಕಚ್ಚಿಕೊಂಡರು. "ನೋಡುವಾ. ಎಲ್ಲ ಮನೆಗೂ ಬಂದಿರ್ಲಿಕ್ಕಿಲ್ಲ."

ಪರದೆಯ ಮೇಲೆ ಮೊದಲ ಅಕ್ಷರವಿಲ್ಲದ ಹೆಸರುಗಳು ಒಂದರ ಕೆಳಗೊಂದು ಬಂದವು. ಯಂತ್ರ ಒಂದೊಂದಕ್ಕೂ ಮೊದಲ ಅಕ್ಷರ ಕೇಳಿತು. ಕುಮಾರಿ ಹೇಳುತ್ತಾ ಹೋದಳು. ಬಾಣಂತಿ. ಕಳ್ಳಿಸಾಲು. ನಗೆಗುಂಡಿ. ಅವಳ ಧ್ವನಿ ಶಾಲೆಯಲ್ಲಿ ಹಾಜರಿ ಕೂಗುವವರ ಧ್ವನಿಯಂತೆ ಇತ್ತು.

"ಈಗ ಒಂದು ಮಾತು," ಎಂದರು ಪೌಲೋಸ್. "ಸಿಕ್ಕಿದ್ದನ್ನು ಇದೇ ಡಿಸ್ಕಿಗೆ ಬರೆದರೆ ಸಿಗದೆ ಉಳಿದಿರುವುದರ ಮೇಲೆ ಹೋಗಿ ಕೂರ್ತದೆ. ಬೇರೆ ಫ್ಲಾಪಿ ಬೇಕು. ನನ್ನದೊಂದು ಕೊಡ್ಲಾ?"

"ಬೇಡ ಸಾರ್. ನನ್ನ ಹತ್ರ ಇದೆ." ಕುಮಾರಿ ಕೈಚೀಲದಿಂದ ಕಾಗದದ ಚೀಲ ತೆಗೆದಳು. "ಮೇಷ್ಟ್ರೇ ತಂದುಕೊಟ್ಟಿದ್ದು. ಅವರ ಪುಸ್ತಕ ಅವರು ಕೊಟ್ಟಿದ್ದರಲ್ಲೇ ಇರಲಿ."

"ಇದರಲ್ಲಿ ಏನುಂಟು?"

"ಏನೂ ಇಲ್ಲ. ಹೊಸದು."

"ಆದರೂ ಹೊರಗಿನ ಫ್ಲಾಪಿ. ತೊಳೆಯದೆ ನಾನು ಒಳಗೆ ಬಿಡೂದಿಲ್ಲ. ವೈರಸ್ ಬಂದು ಮಕ್ಕಳ ಪಾಠ ಎಲ್ಲ ಹೋಯ್ತು ಹೋದ ವರ್ಷ." ಅವರ ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಇನ್ನೊಂದರಲ್ಲಿ ಸಡಿಲವಾಗಿದ್ದ ಕೇಬಲ್ಲು. "ಪೂರ್ತಿ ತೊಳೆಯುವ ಹಾಗೆ ಹಾಕಿದ್ದೇನೆ. ಎಲ್ಲ ಹೋಗ್ತದೆ, ಸರಿಯಾ ಅಂತ ಕೇಳ್ತದೆ ನೋಡು. ಹೌದು ಅಂತ ಒತ್ತು, ಮೋಳೇ."

ಯಂತ್ರ ಕೇಳಿತು. ಕುಮಾರಿ ಹೌದು ಎಂದು ಒತ್ತಿದಳು.

ಫ್ಲಾಪಿ ಒಳಗೆ ತಿರುಗತೊಡಗಿತು. ಪೌಲೋಸ್ ಚಹಾ ತರಿಸಿದರು. ಕುಮಾರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿ ಅಂಗೈಗೆ ತಾಗುತ್ತಿದೆ ಎಂಬುದನ್ನು ಸ್ವಲ್ಪ ತಡವಾಗಿ ಗಮನಿಸಿದಳು.

ಮಧ್ಯಾಹ್ನದ ಹೊತ್ತಿಗೆ ಅರ್ಧದಷ್ಟು ಹೊಲಗಳು ಬಂದಿದ್ದವು. ಉಳಿದ ಅರ್ಧಕ್ಕೆ ಮದುವೆಗಳು ನುಗ್ಗಿದ್ದವು. ಸುಳ್ಳುಬಾವಿ ಹೊಲದಲ್ಲಿ ಕಳ್ಳರು ಬಾವಿಗಿಳಿಯುವ ಜಾಗಕ್ಕೆ ಬಂದರೆ, ಅಲ್ಲಿಂದ ಮುಂದೆ ಗುರುಹಿರಿಯರ ಆಶೀರ್ವಾದ ಮತ್ತು ಊಟದ ಸಮಯ. ಸಣ್ಣತಾಯಿ ಕಟ್ಟೆಯನ್ನು ಕುಮಾರಿ ತಾನೇ ತೆರೆದಳು. ಸಣ್ಣತಾಯಮ್ಮ ಮೊದಲ ಬುಟ್ಟಿ ಮಣ್ಣು ಹೊತ್ತಳು. ಎರಡನೆಯ ಬುಟ್ಟಿ ಹೊತ್ತು ತಿರುಗಿ ನೋಡಿದಳು. ತಿರುಗಿ ನೋಡಿದರೆ, 'ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ.'

"ಅಷ್ಟೇ," ಎಂದರು ಪೌಲೋಸ್. "ಇದಕ್ಕೂ ಮೀರಿ ನನಗೆ ಬರೂದಿಲ್ಲ." ಫ್ಲಾಪಿಯನ್ನು ಹೊರತೆಗೆದು, ಅವಳೆದುರಿಗೇ ಅದರದೊಂದು ನಕಲನ್ನು ತಮ್ಮ ಫ್ಲಾಪಿಗೆ ಮಾಡಿ ಕಪಾಟಿನಲ್ಲಿಟ್ಟರು. "ಒಂದೇ ಕಡೆ ಇಟ್ಟದ್ದು ಇಟ್ಟ ಹಾಗೆ ಅಲ್ಲ. ಒಂದು ನಿನ್ನ ಊರಲ್ಲಿ ಇರಲಿ, ಒಂದು ಈ ಊರಲ್ಲಿ ಇರಲಿ. ಈ ಮೇಷ್ಟ್ರಿಗೆ ಯಾರೂ ಇದನ್ನು ಹೇಳಲಿಲ್ವಾ?"

"ನಾನು ಹೇಳಿದ್ದೆ," ಎಂದಳು ಕುಮಾರಿ.

*

ಸೋಮವಾರ ಮೇಷ್ಟ್ರು ಮೈಸೂರಿನ ಬಸ್ಸಿಳಿದವರು ನೇರವಾಗಿ ಅಂಗಡಿಗೇ ಬಂದರು. ಇನ್ನಷ್ಟು ಇಳಿದುಹೋಗಿದ್ದರು. ಸೋಮೇಶ ಎದ್ದು ಕುರ್ಚಿ ಒರೆಸಿ ಕೊಟ್ಟ. ಮಾದೇಶನ ಜಾಗ ಖಾಲಿಯಿತ್ತು.

ಕುಮಾರಿ ಹೇಳಬೇಕಾದದ್ದನ್ನು ಬಸ್ಸಿನಲ್ಲಿ, ಮನೆಯಲ್ಲಿ, ಚಾಪೆಯ ಮೇಲೆ ಜೋಡಿಸಿ ಇಟ್ಟುಕೊಂಡಿದ್ದಳು. ಈಗ ಅದನ್ನು ಒಂದು ಸಾಲೂ ಬಿಡದೆ ಒಪ್ಪಿಸಿದಳು. ಯಂತ್ರದಿಂದ ಎಲ್ಲ ಹೋಗಿತ್ತು, ಅರ್ಧ ಸಿಕ್ಕಿತು, ಇನ್ನರ್ಧ ಸಿಗಲಿಲ್ಲ. ಫ್ಲಾಪಿ ಹಾಕಿ ತೋರಿಸಿದಳು.

ಮೇಷ್ಟ್ರು ಹೆಸರುಗಳನ್ನು ನೋಡಿದರು. ಸಣ್ಣತಾಯಿ ಕಟ್ಟೆಯ ಮೇಲೆ ಬೆರಳಿಟ್ಟರು. ಅವಳು ತೆರೆದಳು. ಎರಡನೆಯ ಬುಟ್ಟಿಯ ತನಕ ಓದಿ, ಸಕುಟುಂಬ ಸಪರಿವಾರಕ್ಕೆ ಬಂದಾಗ ಅವರ ಕೊರಳ ಬಟ್ಟೆ ಒಮ್ಮೆ ಉಬ್ಬಿ ಇಳಿಯಿತು. ನಕ್ಕಿದ್ದರು.

ಅವರಿಗೆ ಗಾಬರಿಯಾಗಿರಲಿಲ್ಲ. ಸೋಮೇಶನಿಗೆ ಅದು ಅರ್ಥವಾಗಲಿಲ್ಲ, ಕುಮಾರಿಗೂ ಆಗಲಿಲ್ಲ. ಇದು ಇರಲಿ ಎಂಬಂತೆ ಮೇಷ್ಟ್ರು ಕೈ ಆಡಿಸಿದರು. ಆಮೇಲೆ ತಮ್ಮದೇ ಎಡಗೈಯನ್ನು ಚಾಚಿ, ಅದರ ಮೇಲೆ ಏನನ್ನೋ ಇಟ್ಟಂತೆ ಮಾಡಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ತೋರಿಸಿದರು.

"ಆ ಫ್ಲಾಪಿನಾ ಮೇಷ್ಟ್ರೆ? ಇದೇ ಅದು. ಅದಕ್ಕೇ ಹಾಕ್ಕೊಂಡು ಬಂದೆ."

ಮೇಷ್ಟ್ರು ತಲೆಯಲ್ಲಾಡಿಸಿದರು. ಎದೆ ಮುಟ್ಟಿಕೊಂಡರು: ನಾನು. ಕುಳಿತ ಕುರ್ಚಿಯನ್ನು ತಟ್ಟಿದರು: ಇಲ್ಲಿ. ಫ್ಲಾಪಿ ತೂರಿಸುವ ಬಾಯಿಯನ್ನು ತೋರಿಸಿದರು. ಪಾಠ ಹೇಳುವಾಗ ಹಿಂದಿನ ಬೆಂಚಿನವರಿಗಾಗಿ ತಾಳ್ಮೆಯಿಂದ ಮತ್ತೆ ಹೇಳುತ್ತಿದ್ದ ಮುಖ ಅದು. ಹಾಗೆಯೇ ಮುಂದೆ ಬಾಗಿ, ಬೇಸಿಗೆಯಿಡೀ ನೋಡಿ ಕಲಿತದ್ದನ್ನು ಮಾಡಿ ತೋರಿಸಿದರು. ಹೊಲಗಳ ಹೆಸರಿನ ಮೇಲೆ ಪರದೆಯ ಬಣ್ಣದ ಗೆರೆಯನ್ನು ಸರಿಯಾಗಿ ತಂದು ನಿಲ್ಲಿಸಿದರು. ಮೇಲಿನ ಸಾಲಿನ ಐದನೆಯ ಕೀಲಿಯ ಕಡೆ ಬೆರಳು ಹೊರಟಿತು. ಹೊರಟ ಬೆರಳು ನಡುಗಿತು. ಒತ್ತಿದ್ದು ಆರನೆಯದನ್ನು.

ಪರದೆಯ ನಡುವೆ ಚೌಕ ತೆರೆಯಿತು. ಐದನೆಯದಕ್ಕೆ ತೆರೆಯುವಂಥದ್ದೇ ಚೌಕ. ಒಳಗಿನ ಪ್ರಶ್ನೆ ಮಾತ್ರ ಬೇರೆ. ಐದನೆಯದು ಒಂದನ್ನು ಎರಡು ಮಾಡುತ್ತದೆ. ಆರನೆಯದು ಇಲ್ಲಿರುವುದನ್ನು ಎತ್ತಿ ಅಲ್ಲಿಡುತ್ತದೆ. ಇಲ್ಲಿ ಏನನ್ನೂ ಉಳಿಸುವುದಿಲ್ಲ.

ಮೇಷ್ಟ್ರ ಬೆರಳು ದೊಡ್ಡ ಕೀಲಿಯ ಕಡೆ ಇಳಿಯುತ್ತಿತ್ತು. ಕುಮಾರಿ ಅವರ ಕೈಯನ್ನು ಹಿಡಿದು ಮೇಲೆತ್ತಿದಳು. ಅವಳಾಗಿ ಅವರ ಕೈ ಮುಟ್ಟಿದ್ದು ಅದೇ ಮೊದಲು. ಕೈ ಬೆಚ್ಚಗಿತ್ತು, ಹಗುರವಾಗಿತ್ತು.

ಹಿಂದಿನ ಸೋಮವಾರ ಸಂಜೆ, ಉಳಿದವರು ಟೀಗೆ ಹೋಗಿದ್ದಾಗ, ಮೇಷ್ಟ್ರು ಬೀಜ ಎತ್ತಿಡಲು ಕುಳಿತಿದ್ದರು. ಎತ್ತಿಟ್ಟರು ಕೂಡ. ಒಂದು ಹೊಲವನ್ನೂ ಬಿಡದೆ ಎಲ್ಲವೂ ಆ ಫ್ಲಾಪಿಗೆ ಹೋಗಿದ್ದವು. ಮರುದಿನ ಊರು ಬಿಡಬೇಕಿದ್ದ ಮನುಷ್ಯ, ಎಂದೂ ತುಳಿಯದ ಕೇರಿಗೆ ರಾತ್ರಿ ನಡೆದು ಬಂದು, ಅದನ್ನು ಎತ್ತರದಿಂದ ಬಿಡದೆ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿ ಹೋಗಿದ್ದರು. ಕೇರಿಗೆ ಕೇರಿಯೇ ಆ ವಾರವೆಲ್ಲ ಮುಟ್ಟಿದ ಕೈಯ ಮಾತಾಡಿತು. ಕೈಯೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಯಂತ್ರ ಮಾತ್ರ ಗುಂಡ್ಲುಪೇಟೆಯಲ್ಲಿ ಒಂದು ಸಲ ಕೇಳಿತ್ತು. ಅವಳು ಹೌದು ಎಂದು ಒತ್ತಿದ್ದಳು.

ಮೇಷ್ಟ್ರು ಅವಳ ಮುಖ ನೋಡುತ್ತಿದ್ದರು. ಈಗ ತಿಳಿಯಿತಲ್ಲ, ಹೋಗಿ ತಾ ಎಂಬಂತೆ. ಅವಳು ಎದ್ದು ಹೋಗದಿದ್ದಾಗ, ಕೆಳಗಿನ ಪುಟಕ್ಕೆ ಹೋಗುವ ಕೀಲಿಯನ್ನು ಒತ್ತಿದರು. ಹೆಸರುಗಳು ಮುಗಿದಿದ್ದವು. ಮತ್ತೆ ಒತ್ತಿದರು. ಉಳಿದ ಹೊಲಗಳು ಇನ್ನೂ ಕೆಳಗೆ ಇರಬಹುದು ಎಂದು ಮತ್ತೂ ಒತ್ತುತ್ತಿದ್ದರು. ಕುಮಾರಿ ತಡೆಯಲಿಲ್ಲ.

"ಏನಂತೆ?" ಎಂದ ಸೋಮೇಶ.

"ಮೇಷ್ಟ್ರು ಅವತ್ತೇ ಪೂರ್ತಿ ಪುಸ್ತಕ ಫ್ಲಾಪಿಗೆ ಹಾಕಿ ಕೊಟ್ಟಿದ್ರಂತೆ ಸಾರ್," ಎಂದಳು ಕುಮಾರಿ. ಧ್ವನಿ ಹಾಜರಿ ಕೂಗಿದಂತೆಯೇ ಇತ್ತು. "ಮಾದೇಶನ್ನ ಕರೆಸಿ. ಅವನು ಏನೂ ಮಾಡಿಲ್ಲ."

"ಕರೆಸೋಣ ಬಿಡು. ಮತ್ತೆ, ಪೂರ್ತಿ ಇದ್ದ ಪುಸ್ತಕಾನ ಅಳಿಸಿದ್ದು ಯಾರು? ನನಗೆ ಹೆಸರು ಬೇಕು."

ಕೀಲಿ ಒತ್ತುವ ಸದ್ದು ನಿಂತಿತು. ಮೇಷ್ಟ್ರೂ ತಿರುಗಿ ನೋಡಿದರು.

"ಕುಮಾರಿ," ಎಂದಳು ಅವಳು.